ಅಂಚಿನ ಬಣ್ಣ

ಆಟಿಕೆ ರೈಲು ಎಂಜಿನ್ನಿನ ಹೊಟ್ಟೆಯಾಗಬೇಕಾದ ಹಸಿರು ಕಾಗದವನ್ನು ಲಟ್ಟಣಿಗೆಗೆ ಸುತ್ತಿ ದುಂಡಗೆ ಮಾಡಿದ ಮೇಲೆ, ಅಂಟು ಹಚ್ಚುವ ಮೊದಲು, ಅವಳು ಕತ್ತರಿಸಿದ ಅಂಚಿಗೆಲ್ಲ ಅದೇ ಹಸಿರು ಬಣ್ಣ ಮುಟ್ಟಿಸಿದಳು. ಇಲ್ಲದಿದ್ದರೆ ಕಾಗದದ ಒಳಗಿನ ಬಿಳಿ ಗೆರೆಯಾಗಿ ಕಾಣುತ್ತದೆ. ಆಟಿಕೆ ಅಂಗಡಿಯವನು ಅಂಥದ್ದನ್ನು ವಾಪಸು ಕಳಿಸುತ್ತಾನೆ.

"ಕೆಳಗಡೆ ಜೋಡಣೆ ಯಾರಿಗೆ ಕಾಣುತ್ತಮ್ಮಾ?" ಎದುರು ಕೂತು ಚಕ್ರ ಕತ್ತರಿಸುತ್ತಿದ್ದ ಮಗಳು ಕೇಳಿದಳು. "ಆ ಅಂಗಡಿಯವನ ಹೊಟ್ಟೆಗೆ ಬಗ್ಗಿ ನೋಡೋಕೇ ಆಗಲ್ಲ."

"ಅವನ ಹೊಟ್ಟೆ ಚಿಂತೆ ನಿನಗ್ಯಾಕೆ? ಚಕ್ರ ನೋಡ್ಕೋ, ಮೊಟ್ಟೆ ಆಗ್ತಿದೆ."

ಇಬ್ಬರೂ ನಕ್ಕರು. ಮಗಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಎರಡು ದಿನಕ್ಕೆಂದು ಬಂದಿದ್ದಳು. ಸಂಜೆ ಅಳಿಯ ಕರೆದೊಯ್ಯಲು ಬರುವವನಿದ್ದ.

ಅಂಟು ಒಣಗಿತು. ಅವಳು ಎಂಜಿನ್ನನ್ನು ಕಿಟಕಿಯ ಓರೆ ಬಿಸಿಲಿಗೆ ಹಿಡಿದಳು. ಬಲ್ಬಿನಡಿ ಒಂದೇ ಎನಿಸುವ ಬಣ್ಣ ಇಲ್ಲಿ ಬೇರೆಯಾಗುತ್ತದೆ. ಕಾಗದ ಹೊಳೆಯುತ್ತದೆ, ಮೇಲೆ ಹಚ್ಚಿದ್ದು ಮಂಕಾಗಿಯೇ ಉಳಿಯುತ್ತದೆ.

"ಗೆರೆ ಸಿಕ್ತಾ?" ಮಗಳೂ ಪಕ್ಕಕ್ಕೆ ಬಂದು ಕತ್ತು ಚಾಚಿದಳು.

ಆ ಕತ್ತಿನ ಮೇಲೆ, ಕಿವಿಯ ಕೆಳಗೆ, ಬಿಸಿಲಿಗೆ ಹೊಳೆಯದ ನಾಲ್ಕು ಪಟ್ಟಿಗಳಿದ್ದವು. ಬೆರಳ ತುದಿಯಿಂದ ತಟ್ಟಿ ತಟ್ಟಿ, ಅಂಚು ತಿಳಿಯದಂತೆ ಕರಗಿಸಿದ ಮೈಬಣ್ಣದ ಮೇಕಪ್. ಬಣ್ಣ ಹಚ್ಚುವಾಗ ಎಳೆಯಬೇಡ, ತಟ್ಟು ಎಂದು ಮಗಳಿಗೆ ಚಿಕ್ಕಂದಿನಲ್ಲಿ ಕಲಿಸಿದವಳು ತಾನೇ.

"ಅಮ್ಮಾ! ಏನ್ಮಾಡ್ದೆ!"

ಎಂಜಿನ್ ಅವಳ ಮುಷ್ಟಿಯಲ್ಲಿ ಅಪ್ಪಚ್ಚಿಯಾಗಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಇನ್ನೊಂದು ಕೈ ತಾನಾಗಿ ಮಗಳ ಕತ್ತಿನತ್ತ ಹೋಯಿತು. ಮಗಳು ಥಟ್ಟನೆ ಹಿಂದೆ ಸರಿದು ಕೂದಲನ್ನು ಮುಂದಕ್ಕೆ ಎಳೆದುಕೊಂಡಳು.

"ಬಾಗಿಲು ತಗುಲಿತು."

ಬಾಗಿಲಿಗೆ ನಾಲ್ಕು ಬೆರಳೇ? ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

"ಅಪ್ಪಂಗೆ ಹೇಳ್ಬೇಡ. ಅವರು ಇನ್ಮೇಲೆ ಹಾಗೆ ಮಾಡಲ್ಲ ಅಂದಿದಾರೆ," ಎಂದು ಪಿಸುಗುಟ್ಟಿ ಮಗಳು ಕೈಯ ಅಂಟು ತೊಳೆಯಲು ಹೋದಳು.

ಹೊರಗೆ ಕಾರು ನಿಂತ ಸದ್ದು. "ಅಳಿಯಂದ್ರು ಬಂದ್ರು ಕಣೇ!" ಹಜಾರದಿಂದ ಗಂಡನ ಉತ್ಸಾಹದ ದನಿ. "ಇವಳ ಬ್ಯಾಗ್ ತಂದ್ಬಿಡು."

"ತರ್ತೀನಿ," ಎಂದಳು.

ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಮಂಚದ ಮೇಲಿದ್ದ ಬ್ಯಾಗಿನ ಜಿಪ್ಪು ಸದ್ದಾಗದಂತೆ ಎಳೆದಳು. ಒಳಗಿದ್ದ ಮಗಳ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಕೊಡವಿ, ಬೀರುವಿನಲ್ಲಿ ತನ್ನ ಬಟ್ಟೆಗಳ ಪಕ್ಕದಲ್ಲಿ ಮಡಿಸಿ ಇಡತೊಡಗಿದಳು.