ಕಿಟಕಿಯಾಚೆಯ ತೀರ್ಪು

ಭಾನುವಾರ ಬಂತೆಂದರೆ ಭದ್ರಾವತಿಯ ಶಿವಮೂರ್ತಪ್ಪನವರ ಹೋಟೆಲಿನಲ್ಲಿ ಪತ್ರಿಕೆಗಳಿಗೆ ಪರೀಕ್ಷೆ. ಉಜ್ಜನಪ್ಪ ಮೇಷ್ಟ್ರು ವಾರದ ಲೇಖನಗಳನ್ನು ಗಟ್ಟಿಯಾಗಿ ಓದುತ್ತಿದ್ದರು; ಯಾರ ವಾದ ಮನಸ್ಸಿಗೆ ನಾಟಿತೆಂದು ಕೂತವರೆಲ್ಲ ಸೇರಿ ಅಂಕ ಕೊಡುತ್ತಿದ್ದರು. ನಮ್ಮ ಕೇರಿಯವರು ಒಳಗೆ ಕಾಲಿಡುವಂತಿರಲಿಲ್ಲ. ನಾನು ಕಿಟಕಿಯಾಚೆ ನಿಂತು ಕೇಳುತ್ತಿದ್ದೆ.

ಆ ವಾರ ಗೆದ್ದದ್ದು ಅಸ್ಪೃಶ್ಯತೆಯ ವಿರುದ್ಧ ಬರೆದ ಲೇಖನ. ಹೋಟೆಲುಗಳಲ್ಲಿ ನಮ್ಮಂಥವರಿಗೆ ಬೇರೆ ಲೋಟ ಇಡುವುದು ನಾಚಿಕೆಗೇಡು ಎಂದು ಅದರಲ್ಲಿತ್ತು. ಶಿವಮೂರ್ತಪ್ಪನವರ ಕಣ್ಣು ಒದ್ದೆಯಾಯಿತು.

“ಇದಕ್ಕೆ ಹತ್ತಕ್ಕೆ ಹತ್ತು ಕೊಟ್ಬಿಡಿ ಮೇಷ್ಟ್ರೇ,” ಎಂದರು.

ಮೇಷ್ಟ್ರು ಕಿಟಕಿಯತ್ತ ತಿರುಗಿದರು. “ನೀನೂ ಹೇಳೋ ಕರಿಯಪ್ಪ, ವಾದ ಹೆಂಗಿದೆ?”

ನನಗೆ ಮೈಯೆಲ್ಲ ಉರಿಯಿತು. ಬರೆದದ್ದರಲ್ಲಿ ಒಂದಾದರೂ ತಪ್ಪು ಸಿಕ್ಕಿದ್ದರೆ ಅದರ ಮೇಲೆ ಸಿಟ್ಟು ತೀರಿಸಿಕೊಳ್ಳಬಹುದಿತ್ತು. ದರಿದ್ರದ್ದು, ಒಂದೂ ಇರಲಿಲ್ಲ.

“ಒಂದ್ ಮಾತೂ ತಪ್ಪಿಲ್ಲ ಸ್ವಾಮಿ,” ಎಂದೆ.

ಒಳಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಖುಷಿಗೆ ಶಿವಮೂರ್ತಪ್ಪನವರೇ ಹೊರಗೆ ಬಂದು, ನಾನು ಹಿಡಿದ ಲೋಟಕ್ಕೆ ಮೇಲಿನಿಂದ ಪುಕ್ಕಟೆ ಕಾಫಿ ಹುಯ್ದರು. ಕುಡಿದೆ. ಲೋಟವನ್ನು ನಾನೇ ತೊಳೆದು, ಹೊರಗೋಡೆಯ ಗೂಡಿನಲ್ಲಿ ಎಂದಿನಂತೆ ಬೋರಲು ಹಾಕಿದೆ.