ಅಪ್ಪ ಬಾಯಿಬಿಟ್ಟ ದಿನ

ಆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಸೀಟು ಸಿಗುತ್ತಿದ್ದದ್ದು ಮೂವರಿಗೆ. ಬಸ್ ಡಿಪೋದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಬೆಳೆದ ಆ ಹುಡುಗಿ ಹೈಸ್ಕೂಲು ಸೇರಿದಾಗಿನಿಂದ ಆ ಮೂವರಲ್ಲಿ ತಾನೊಬ್ಬಳಾಗಬೇಕೆಂದು ಹಲ್ಲು ಕಚ್ಚಿ ಓದಿದ್ದಳು. ಬಚ್ಚಲಿನ ಬಾಗಿಲಿಗೂ ಸೂತ್ರಗಳ ಚೀಟಿ ಅಂಟಿಸಿದ್ದಳು. ಹಲ್ಲುಜ್ಜುವಾಗಲೆಲ್ಲ ಅವನ್ನು ನೋಡಿ ನೋಡಿ, ಏಳನೆಯ ತರಗತಿಗೇ ಶಾಲೆ ಬಿಟ್ಟ ಅಮ್ಮನಿಗೂ ಅರ್ಧದಷ್ಟು ಬಾಯಿಪಾಠವಾಗಿದ್ದವು.

ಅಂಕಗಳೇನೋ ಬಂದವು. ತೊಡಕಾದದ್ದು ಅರ್ಜಿಯ ಜೊತೆ ಕಳಿಸಬೇಕಾದ ಪ್ರಬಂಧ. ನಿಮ್ಮ ಬದುಕಿನ ದಾರಿ ತಿದ್ದಿದ ಒಂದು ಘಟನೆಯ ಬಗ್ಗೆ ಬರೆಯಿರಿ ಎಂದಿತ್ತು. ಅವಳು ಶಾಲೆಯ ಗ್ರಂಥಾಲಯದ ಬಗ್ಗೆ ಬರೆದು ತೋರಿಸಿದಳು. ಟೀಚರ್ ಎರಡನೆಯ ಪುಟಕ್ಕೂ ಹೋಗಲಿಲ್ಲ.

"ಚೆನ್ನಾಗಿದೆ. ಆದ್ರೆ ಇದನ್ನ ಯಾರು ಬೇಕಾದ್ರೂ ಬರೀತಾರೆ. ನಿಮ್ಮ ತಂದೆಗೆ ಅಪಘಾತ ಆಗಿತ್ತಲ್ವಾ? ಅದನ್ನ ಬರಿ."

"ಆಗ ನಾನು ಚಿಕ್ಕೋಳು ಮಿಸ್. ಏನೂ ಗೊತ್ತಿಲ್ಲ."

"ಕೇಳು ಮತ್ತೆ. ಮನೇಲೇ ಇದಾರಲ್ಲ."

ಕೇಳುವುದು ಅಷ್ಟು ಸುಲಭವಿರಲಿಲ್ಲ. ಅಪ್ಪನ ಬಾಯಿಂದ ಮಾತು ತೆಗೀಬೇಕಂದ್ರೆ ಇಕ್ಕಳ ಹಾಕಿ ಎಳೀಬೇಕು ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಅವನು ಓಡಿಸುತ್ತಿದ್ದ ಬಸ್ಸು ಬ್ರೇಕು ಹಿಡಿಯದೆ, ಸೈಕಲ್ಲಿನಲ್ಲಿ ಬರುತ್ತಿದ್ದ ಮುದುಕನೊಬ್ಬನಿಗೆ ಬಡಿದು ಗೋಡೆಗೆ ನುಗ್ಗಿತ್ತು. ಮುದುಕ ಸತ್ತ. ಅಪ್ಪನ ಎಡಗೈ ಮಣಿಕಟ್ಟು ಮತ್ತೆ ಮಡಚಲಿಲ್ಲ. ಆಮೇಲೆ ಅವನಿಗೆ ಅದೇ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಕೊಟ್ಟರು. ಮನೆಯಲ್ಲಿ ಗೊತ್ತಿದ್ದದ್ದು ಇಷ್ಟೇ.

ಭಾನುವಾರ ಮಧ್ಯಾಹ್ನ ಅವಳೇ ಡಿಪೋಗೆ ಬುತ್ತಿ ತೆಗೆದುಕೊಂಡು ಹೋದಳು. ಅಪ್ಪ ತೊಳೆದ ಬಸ್ಸಿನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದ. ಅವಳು ವಿಷಯ ಹೇಳಿದಳು. ಅವನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದ.

"ಸೀಟಿಗೆ ಇದು ಬೇಕೇ ಬೇಕಾ?"

"ಹೂಂ ಅಪ್ಪ."

ಅವನು ಹೇಳಿದ: "ಬ್ರೇಕು ಸರಿಯಾಗೇ ಇತ್ತು. ಎರಡು ಪಾಳಿ ಒಟ್ಟಿಗೆ ಮಾಡಿದ್ದೆ. ಕಣ್ಣು ಹತ್ತಿಬಿಡ್ತು. ವಿಚಾರಣೆಲಿ ಬ್ರೇಕು ಹಿಡೀಲಿಲ್ಲ ಅಂದೆ. ಹಿಂದಿನ ದಿನ ತಾನೇ ಮೆಕ್ಯಾನಿಕ್ಕು ಅದನ್ನ ಬಿಚ್ಚಿ ರಿಪೇರಿ ಮಾಡಿದ್ದ. ಎಲ್ಲರೂ ನಂಬಿದ್ರು. ಅವನ ಕೆಲಸ ಹೋಯ್ತು."

ಅವನು ಡಬ್ಬಿಯ ಮುಚ್ಚಳ ಹಾಕಿದ.

"ನಿಮ್ಮಮ್ಮಂಗೂ ಹೇಳಿಲ್ಲ ಇದನ್ನ. ನಿಂಗೆ ಹೇಳಿದೀನಿ. ನೀನು ಬ್ರೇಕಿನ ಕಥೇನೇ ಬರಿ, ಆಯ್ತಾ?"

"ಆಯ್ತಪ್ಪ."

ನಾಲ್ಕು ದಿನ ಅವಳು ಬ್ರೇಕಿನ ಕಥೆಯನ್ನೇ ಬರೆದಳು. ಎಷ್ಟು ತಿದ್ದಿದರೂ ಅದು ಸಪ್ಪೆಯಾಗಿತ್ತು. ಐದನೆಯ ದಿನ ನಿಜವನ್ನು ಬರೆದಳು. ಒಂದೇ ಸಲಕ್ಕೆ, ಒಂದು ಪದವನ್ನೂ ಹೊಡೆದುಹಾಕದೆ, ಮೂರು ಪುಟವಾಯಿತು. ತಾನು ಇದಕ್ಕಿಂತ ಚೆನ್ನಾಗಿ ಏನನ್ನೂ ಬರೆದಿಲ್ಲವೆಂದು ಅವಳಿಗೇ ತಿಳಿಯಿತು. ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು.

ಓದಿ ಮುಗಿಸಿದ ಟೀಚರ್ ಕನ್ನಡಕ ತೆಗೆದರು. "ಇದನ್ನ ಕಳಿಸೋಕೆ ನಿಮ್ಮ ತಂದೆ ಒಪ್ಪಿದ್ರಾ?"

"ಒಪ್ಪಿದ್ರು ಮಿಸ್."

ತಿಂಗಳೊಳಗೆ ಸಂದರ್ಶನಕ್ಕೆ ಕರೆ ಬಂತು. ಅಪ್ಪ ತನ್ನ ಕೈಯಾರೆ ಅವಳ ಬೂಟಿಗೆ ಪಾಲಿಶ್ ಹಾಕಿದ.

ಉದ್ದನೆಯ ಮೇಜಿನ ಆಚೆ ಮೂವರಿದ್ದರು. ಗಣಿತ ಕೇಳಿದರು, ಹೇಳಿದಳು. ಓದಿದ ಪುಸ್ತಕಗಳ ಬಗ್ಗೆ ಕೇಳಿದರು, ಹೇಳಿದಳು. ಕೊನೆಯಲ್ಲಿ, ಅಷ್ಟು ಹೊತ್ತೂ ಸುಮ್ಮನಿದ್ದ ನರೆಗೂದಲಿನ ಹೆಂಗಸು ಅವಳ ಪ್ರಬಂಧವನ್ನು ಮುಂದೆಳೆದುಕೊಂಡರು.

"ಆ ಮೆಕ್ಯಾನಿಕ್ ಈಗ ಎಲ್ಲಿದಾರೆ?"

"ಗೊತ್ತಿಲ್ಲ ಮೇಡಂ."

"ತಿಳ್ಕೋಬೇಕು ಅಂತ ಅನಿಸಲಿಲ್ವಾ?"

ಅವಳು ಮೇಜಿನ ಮೇಲಿದ್ದ ತನ್ನ ಹಾಳೆಗಳನ್ನು ನೋಡಿದಳು. ಮೂರು ಪುಟ ತುಂಬ ತನ್ನ ನೋವು, ತನ್ನ ಅಪ್ಪ, ತನ್ನ ಕನಸು. ಆ ಮನುಷ್ಯನಿಗೆ ಸಿಕ್ಕಿದ್ದು ಒಂದೇ ಸಾಲು. ಹೆಂಗಸು ಗದರಲಿಲ್ಲ. ಥ್ಯಾಂಕ್ಸ್ ಎಂದು ಹಾಳೆಗಳನ್ನು ಮಡಚಿಟ್ಟರು.

ಸೀಟು ಸಿಗಲಿಲ್ಲ. ಪತ್ರ ಬಂದ ಸಂಜೆ ಅಮ್ಮ ಆಸ್ಪತ್ರೆಯ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅಪ್ಪ ಪಕ್ಕ ಬಂದು ಕೂತ.

"ಹೋಗ್ಲಿ ಬಿಡು ಮಗಳೇ. ನಿನ್ನಂಥೋಳನ್ನ ಕಳ್ಕೊಂಡಿದ್ದು ಅವ್ರಿಗೇ ನಷ್ಟ."

ಆ ಸಮಾಧಾನವನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. "ಅಪ್ಪಾ, ನಾನು ನಿಜ ಬರೆದುಬಿಟ್ಟೆ," ಎಂದಳು.

ಅವನು ಬಯ್ಯಲಿಲ್ಲ. ಪತ್ರವನ್ನು ಕೈಗೆತ್ತಿಕೊಂಡು ಕೇಳಿದ, "ಎಷ್ಟು ಜನ ಓದಿದಾರೆ?"

"ನಾಲ್ಕು ಜನ ಇರಬಹುದು."

"ಏನಂದ್ರು?"

"ಆ ಮೆಕ್ಯಾನಿಕ್ ಈಗ ಎಲ್ಲಿದಾರೆ ಅಂದ್ರು."

"ಮಾರ್ಕೆಟ್ ಹಿಂದುಗಡೆ ಸೈಕಲ್ ರಿಪೇರಿ ಮಾಡ್ತಾನೆ," ಎಂದ ಅಪ್ಪ. "ಒಂಬತ್ತು ವರ್ಷದಿಂದ ಆ ಬೀದಿಗೆ ಕಾಲಿಟ್ಟಿಲ್ಲ ನಾನು."

ಮರುದಿನ ಕೆಲಸ ಮುಗಿಸಿದವನು ಸೀದಾ ಮನೆಗೆ ಬರಲಿಲ್ಲ. ಬಂದಾಗ ಶರ್ಟಿನ ಜೇಬು ಹರಿದು ಜೋತಾಡುತ್ತಿತ್ತು, ಕೆಳತುಟಿ ಊದಿತ್ತು.

"ಏನ್ರೀ ಇದು?" ಅಮ್ಮ ಗಾಬರಿಯಾದಳು.

"ಬಸ್ಸಿನ ಬಾಗಿಲು ತಾಗ್ತು," ಎಂದು ಮುಖ ತೊಳೆಯಲು ಹೋದ.

ಹುಡುಗಿ ಊರಿನ ಕಾಲೇಜಿಗೇ ಸೇರಿದಳು. ಅಪ್ಪ ಅವಳೊಂದಿಗೆ ಮಾತು ಬಿಡಲಿಲ್ಲ. ಊಟ ಆಯ್ತಾ, ಛತ್ರಿ ತಗೊಂಡ್ಯಾ ಎಂದು ಕೇಳುತ್ತಿದ್ದ. ಅದರಾಚೆಗೆ ಒಂದು ಮಾತಿಲ್ಲ. ಒಮ್ಮೆ, ಇಬ್ಬರೇ ಇದ್ದಾಗ, ಅವಳು ಧೈರ್ಯ ಮಾಡಿ ಕೇಳಿದಳು.

"ಅವತ್ತು ಆ ಮೆಕ್ಯಾನಿಕ್ ಏನಂದ್ರು ಅಪ್ಪ?"

ಅಪ್ಪ ತಲೆಯೆತ್ತಿ ಅವಳನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಯಾಕೆ, ಬರೆಯೋದಕ್ಕಾ?" ಎಂದ.