ಕೈಯಿಂದ ಕೈಗೆ

ಚರ್ಚಿನಲ್ಲಿ ದ್ರಾಕ್ಷಾರಸದ ಬಟ್ಟಲು ಮುಂದಿನ ಸಾಲು ದಾಟಿತು, ಯಾರದೋ ಬಳೆ ತಗುಲಿ ಕಿಣ್ ಎಂದಿತು, ಇನ್ನು ನಮ್ಮ ಸಾಲು ಎಂದುಕೊಂಡಳು ಅವಳು, ಪಕ್ಕಕ್ಕೆ ಮಾತ್ರ ನೋಡಲಿಲ್ಲ, ನೋಡುವುದೇನಿದೆ, ತೋಳಿಗೆ ತೋಳು ತಾಗದಂತೆ ಮುದುಡಿ ಕೂತವಳು ಸ್ವಂತ ತಂಗಿಯೇ, ತಡವಾಗಿ ಬಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು, ಗಂಟೆ ಬಾರಿಸುವ ಮಾಮ ಬಿಡಬೇಕಲ್ಲ, ಹೋಗಮ್ಮ, ಅಕ್ಕನ ಪಕ್ಕ ಆನೆ ಕೂರೋವಷ್ಟು ಜಾಗ ಇದೆ, ನೀನೋ ಗುಬ್ಬಚ್ಚಿ — ಊರಿಗೆಲ್ಲ ಗೊತ್ತಿರುವ ಸುದ್ದಿ ಮಾಮನಿಗೆ ಗೊತ್ತಿಲ್ಲ, ಅವನ ಕಿವಿಯನ್ನು ಆ ಗಂಟೆಯೇ ತಿಂದಿದೆ. ಒಂದೇ ಬಟ್ಟಲು, ಕೈಯಿಂದ ಕೈಗೆ, ಇಲ್ಲಿನ ರೂಢಿ, ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ ತರಿಸೋಣ ಎಂದು ಪಾಸ್ಟರ್ ಕೇಳಿದಾಗ ಹಿರಿಯರು ಒಪ್ಪಲಿಲ್ಲ, ಅಮ್ಮನಂತೂ ಖಡಾಖಂಡಿತ, ಪಕ್ಕದವಳ ಕೈಯಿಂದ ಇಸ್ಕೊಳ್ಳೋಕೆ ಆಗದವಳು ದೇವರ ಕೈಯಿಂದ ಏನು ಇಸ್ಕೋತಾಳೆ, ಮನಸ್ಸಲ್ಲಿ ಗಂಟಿಟ್ಟುಕೊಂಡು ಇದನ್ನ ಬಾಯಿಗಿಡಬೇಡಿ ಕಣ್ರೇ, ಮೊದಲು ಹೋಗಿ ಬಿಚ್ಚಿ, ಆಮೇಲೆ ಬನ್ನಿ. ಅಮ್ಮ ಇನ್ನೊಂದನ್ನೂ ಹೇಳುತ್ತಿದ್ದಳು, ಸತ್ಯ ಹೇಳೋಕೆ ಮುಹೂರ್ತ ನೋಡಬಾರದು, ಅದನ್ನೇ ಅಲ್ಲವೇ ತಾನು ನಡೆಸಿದ್ದು, ವೃದ್ಧಾಶ್ರಮದಲ್ಲಿ ಅಕ್ಕತಂಗಿಯರಿಬ್ಬರೂ ಅಜ್ಜಿಯರಿಗೆ ಸ್ನಾನ ಮಾಡಿಸುವವರು, ಅಲ್ಲಿಯ ಮೊದಲ ಪಾಠವೇ ಸ್ನಾನಕ್ಕೆ ಕೂರಿಸಿದವರನ್ನು ಒಂಟಿಯಾಗಿ ಬಿಡಕೂಡದು ಎಂಬುದು, ಅವತ್ತು ತಂಗಿ ಟವೆಲ್ ಮರೆತಳು, ಅಜ್ಜಿ ನಡುಗುತ್ತಿದ್ದಾರೆ ಎಂದು ಪಡಸಾಲೆಗೆ ಓಡಿ ಬಂದಳು, ಅಷ್ಟರಲ್ಲಿ ಒಳಗೆ ಧಡ್ ಎಂದ ಸದ್ದು, ಸೊಂಟದ ಮೂಳೆ ಮುರಿದಿತ್ತು. ಅಜ್ಜಿಯನ್ನು ಆಸ್ಪತ್ರೆಗೆ ಒಯ್ದ ಗಾಡಿ ಗೇಟು ದಾಟುವ ಮೊದಲೇ ಇವಳು ಮೇಲ್ವಿಚಾರಕಿಯ ಕೋಣೆಯಲ್ಲಿ ನಿಂತಿದ್ದಳು, ಮೇಡಂ, ಅಜ್ಜಿ ತಾವಾಗಿ ಬಿದ್ದಿಲ್ಲ, ನನ್ನ ತಂಗಿ ಬಿಟ್ಟುಹೋಗಿದ್ದಳು — ಯಾರೂ ಕೇಳಿರಲಿಲ್ಲ, ಕೇಳುವ ಮೊದಲೇ ಹೇಳಿದಳು, ಹೇಳುವಾಗ ಎದೆಯಲ್ಲಿ ಎಂಥದೋ ಬೆಳಕು, ತಾನು ದೇವರ ಪಕ್ಕದಲ್ಲೇ ನಿಂತಿದ್ದೇನೆ ಎಂಬ ಹಾಗೆ. ಹೊರಗೆ ಬರಲು ಬಾಗಿಲು ತೆಗೆದರೆ ಹೊಸ್ತಿಲಲ್ಲಿ ತಂಗಿ, ರವಿಕೆಯ ತೋಳು ಮೇಲಕ್ಕೆ ಮಡಚಿ, ಒದ್ದೆ ಏಪ್ರನ್ನಿನಲ್ಲಿ, ಬಾಗಿಲು ತಟ್ಟಲು ಎತ್ತಿದ ಕೈ, ಮೊಣಕೈಯ ಮೇಲೆ ಇನ್ನೂ ಒಣಗದ ಸೋಪಿನ ನೊರೆ. ನಾನೇ ಹೇಳೋಕೆ ಬಂದೆ ಅಕ್ಕ. ಆಗಲೇ ಹೇಳಿಬಿಟ್ಯಾ?

ಅಷ್ಟೇ ಅಂದಿದ್ದು, ಬೈಯಲಿಲ್ಲ, ಅಳಲಿಲ್ಲ. ತಂಗಿಯ ಕೆಲಸ ಹೋಯಿತು, ಹೋಗಲಿ, ತಾನಾಗಿ ತಪ್ಪೊಪ್ಪಿಕೊಂಡವಳು ಎಂಬ ಹೆಸರು ಉಳಿಯಬಹುದಿತ್ತು, ಸಿಕ್ಕಿಬಿದ್ದವಳು ಎಂದಾಯಿತು, ಅವಳು ಬಟ್ಟೆ ಜೋಡಿಸಿಕೊಂಡು ಗೆಳತಿಯ ಮನೆಗೆ ಹೊರಟಾಗ ಇವಳು ತಡೆಯಲಿಲ್ಲ, ತಪ್ಪು ಅವಳದೇ ತಾನೇ. ಚರ್ಚಿನಲ್ಲಿ ಇವಳಿಗೆ ಹೊಗಳಿಕೆ, ಸ್ವಂತ ರಕ್ತ ಅಂತ ನೋಡಲಿಲ್ಲ ನೋಡ್ರಿ, ದೇವರ ಮಗಳು ಅಂದ್ರೆ ಹೀಗಿರಬೇಕು, ಇವಳು ತಲೆ ತಗ್ಗಿಸಿ ನಿಂತಳು, ಹಿತವಾಗಿಯೇ ಇತ್ತು. ಆಸ್ಪತ್ರೆಯಲ್ಲಿ ಮಾತ್ರ ಅಜ್ಜಿ ಬಾಗಿಲತ್ತ ನೋಡಿ, ಚಿಕ್ಕವಳು ಬರಲಿಲ್ವಾ, ಅವಳ ಕೈ ಬೆಚ್ಚಗಿರುತ್ತೆ ಕಣೆ, ನಿನ್ನದು ಶುದ್ಧ ಆದರೆ ತಣ್ಣಗೆ, ಎಂದು ನಕ್ಕರು, ಮುದುಕಿಯರ ಮಾತು ಎಂದು ಇವಳೂ ನಕ್ಕಳು, ಮನೆಗೆ ಬಂದು ಕೈ ಕೈ ಉಜ್ಜಿಕೊಂಡಳು. ಅವತ್ತು ಪಡಸಾಲೆಯಲ್ಲಿ ತಂಗಿಯ ಭುಜ ಹಿಡಿದು, ಬಾ, ನೀನೇ ಹೇಳು, ನಾನು ಜೊತೆಗಿರ್ತೀನಿ, ಅನ್ನಬಹುದಿತ್ತು, ಅದೂ ಸತ್ಯವೇ ಆಗಿರುತ್ತಿತ್ತು, ಅದೇ ಸತ್ಯ, ಆದರೆ ಆಗ ಹೇಳಿದವಳು ಅವಳಾಗುತ್ತಿದ್ದಳು — ಈಗ ಬಟ್ಟಲು ಅವಳ ಕೈಯಲ್ಲಿದೆ, ಈಗ ನೋಡಲೇಬೇಕು, ತಂಗಿ ಅದರೊಳಗೆ ನೋಡುತ್ತಾಳೆ, ಬಾವಿಗೆ ಇಣುಕಿದ ಹಾಗೆ, ತುಟಿಗೆ ಒಯ್ಯುವುದಿಲ್ಲ, ಬಟ್ಟೆಯಿಂದ ಅಂಚು ಒರೆಸಿ ಇತ್ತ ಚಾಚುತ್ತಾಳೆ, ನನ್ನಿಂದ ಇನ್ನೂ ಆಗ್ತಿಲ್ಲ ಅಕ್ಕ, ಪ್ರಯತ್ನ ಮಾಡಿದೆ, ಈಗ ಕುಡಿದ್ರೆ ಸುಳ್ಳಾಗುತ್ತೆ. ಪಿಸುಮಾತು, ಸಿಟ್ಟಿಲ್ಲ, ಎಷ್ಟು ಜನ ನೋಡುತ್ತಿದ್ದಾರೆ, ಎಲ್ಲರೆದುರು ಕುಡಿಯದೆ ದಾಟಿಸಿದಳಲ್ಲ, ಅಮ್ಮನ ಮಾತು ಉಳಿಸಿಕೊಂಡವಳು ತಂಗಿಯೇ, ಬೆರಳು ತಾಗಿತು, ಬೆಚ್ಚಗಿದೆ, ಅಜ್ಜಿ ಹೇಳಿದ್ದು ನಿಜ, ಬಟ್ಟಲು ಭಾರ, ಅತ್ತ ಪಕ್ಕದ ಅತ್ತೆ ಆಗಲೇ ಕೈ ಚಾಚಿದ್ದಾಳೆ, ಕುಡಿದು ಕೊಡಮ್ಮ, ನಿಂಗೇನು ಯೋಚನೆ, ಹೌದು ನನಗೇನು, ನನ್ನಲ್ಲಿ ಗಂಟಿಲ್ಲ, ಕರ್ತನೇ, ಗಂಟು ಹಾಕಿದ್ದು ಮಾತ್ರ ನಾನು, ತುಟಿಯವರೆಗೆ ತಂದಳು, ಕೈ ಅಲ್ಲೇ ನಿಂತಿತು, ಯಾರೋ ಕೆಮ್ಮಿದರು, ಬಾಗಿಲು ತಟ್ಟಲು ಎತ್ತಿದ ಕೈ, ಮೊಣಕೈಯ ಮೇಲೆ ನೊರೆ, ತೊಳೆದುಕೊಳ್ಳಲೂ ನಿಲ್ಲದೆ ಓಡಿಬಂದವಳ ನೊರೆ, ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿವೆ, ನೊರೆ, ಮೊಣಕೈಯ ಮೇಲೆ ನೊರೆ